ಪೈಪ್ ಕ್ಲೀನರ್ ಒಡವೆ: ಮಕ್ಕಳ ಜೊತೆ ಬಳೆ, ಉಂಗುರ, ಕಿರೀಟ ಮಾಡೋದು ಹೇಗೆ? ಮೊದಲು ನೋಡಬೇಕಾದ್ದು ತಂತಿಯ ತುದಿ

ಶಾಲೆಯ ಡೈರಿಯಲ್ಲಿ ‘ನಾಳೆ ಕ್ರಾಫ್ಟ್ ಕ್ಲಾಸಿಗೆ ಪೈಪ್ ಕ್ಲೀನರ್ ತನ್ನಿ’ ಅಂತ ಒಂದು ಸಾಲು ಬಂದರೆ, ಗೊತ್ತಿಲ್ಲದವರು ನೇರ ಹಾರ್ಡ್‌ವೇರ್ ಅಂಗಡಿಗೇ ಹೋಗ್ತಾರೆ. ಅಲ್ಲಿ ಆ ಹೆಸರು ಹೇಳಿದರೆ ಸಿಗುವುದು ಕಟ್ಟಿಕೊಂಡ ಸಿಂಕ್ ಪೈಪ್ ಬಿಡಿಸುವ ಪುಡಿ. ಅಂಥ ಪುಡಿಯಲ್ಲಿ ಹೆಚ್ಚಾಗಿ ಕಾಸ್ಟಿಕ್ ಸೋಡಾ ಇರುತ್ತೆ, ಚರ್ಮಕ್ಕೆ, ಕಣ್ಣಿಗೆ ಬಿದ್ದರೆ ಸುಡುತ್ತೆ. ಮಕ್ಕಳ ಬ್ಯಾಗಿಗೆ ಹೋಗಬಾರದ ವಸ್ತು ಅದು. ಶಾಲೆಯವರು ಕೇಳಿದ್ದು ಬೇರೆ: ಬಣ್ಣಬಣ್ಣದ, ಮುಟ್ಟಿದರೆ ಮೆತ್ತಗಿರುವ, ಬಗ್ಗಿಸಿದ ಹಾಗೆ ಬಗ್ಗುವ ತಂತಿ ಕಡ್ಡಿ. ಇದು ಸಿಗುವುದು ಸ್ಟೇಷನರಿ ಮತ್ತು ಫ್ಯಾನ್ಸಿ ಸ್ಟೋರ್‌ಗಳಲ್ಲಿ.

ಹೆಸರು ಬಂದಿದ್ದು ನಲ್ಲಿ ಪೈಪಿನಿಂದ ಅಲ್ಲ, ತಂಬಾಕು ಸೇದುವ ಪೈಪಿನಿಂದ. ಆ ಪೈಪಿನ ಸಣ್ಣ ಕೊಳವೆಯಲ್ಲಿ ಕಟ್ಟಿದ ಮಸಿ ತೆಗೆಯೋಕೆ ಹತ್ತಿಯ ಎಳೆ ಸುತ್ತಿದ ತಂತಿ ಬಳಸುತ್ತಿದ್ದರು. ಕ್ರಾಫ್ಟಿಗೆ ಬರುವುದು ಅದರ ತಮ್ಮ ಅನ್ನಬಹುದು. ಎರಡು ಸಣ್ಣ ತಂತಿಗಳನ್ನು ಹುರಿ ಹೊಸೆಯುವಾಗ ಮಧ್ಯದಲ್ಲಿ ಪಾಲಿಯೆಸ್ಟರ್‌ನಂಥ ಎಳೆಗಳನ್ನು ಸಿಕ್ಕಿಸಿರುತ್ತಾರೆ, ಹುರಿ ಬಿಗಿಯಾದಂತೆ ಎಳೆಗಳು ಸುತ್ತಲೂ ತುಪ್ಪಳದ ಹಾಗೆ ನಿಲ್ಲುತ್ತವೆ. ಪ್ಯಾಕೆಟ್ ಮೇಲೆ ಶೆನಿಲ್ ಸ್ಟೆಮ್ ಅಥವಾ ಶೆನಿಲ್ ಸ್ಟಿಕ್ ಅಂತಲೂ ಬರೆದಿರುತ್ತೆ. ಸಾಮಾನ್ಯ ಅಳತೆ 30 ಸೆಂ.ಮೀ. ಉದ್ದ, 6 ಮಿ.ಮೀ. ದಪ್ಪ.

ಮಕ್ಕಳ ಒಡವೆಗೆ ಇದು ಒಗ್ಗುವುದಕ್ಕೆ ಕಾರಣ ಇದೆ. ಗಂಟು ಹಾಕಬೇಕಿಲ್ಲ, ಅಂಟು ಒಣಗಲಿ ಅಂತ ಕಾಯಬೇಕಿಲ್ಲ. ದಾರಕ್ಕೆ ಮಣಿ ಪೋಣಿಸುವಾಗ ಒಂದು ಕಡೆ ಕೈ ಬಿಟ್ಟರೆ ಎಲ್ಲ ಸುರಿದು ಹೋಗುತ್ತೆ, ಇಲ್ಲಿ ತುಪ್ಪಳವೇ ಮಣಿಯನ್ನು ಹಿಡಿದುಕೊಳ್ಳುತ್ತೆ. ತಪ್ಪಾದರೆ ಬಿಚ್ಚಿ ಮತ್ತೆ ಸುತ್ತಬಹುದು. ಪುಟ್ಟ ಬೆರಳಿಗೆ ಪೆನ್ಸಿಲ್ ಹಿಡಿಯುವ ಮೊದಲು ಬೇಕಾದ ಅಭ್ಯಾಸವೂ ಇದರಲ್ಲೇ ಆಗುತ್ತೆ.

ಆದರೆ ತುಪ್ಪಳದೊಳಗೆ ಇರುವುದು ತಂತಿ, ಇದನ್ನ ಮರೆಯೋ ಹಾಗಿಲ್ಲ. ಕತ್ತರಿಸಿದ ಜಾಗದಲ್ಲಿ ಎರಡು ಸೂಜಿಮೊನೆ ಹೊರಗೆ ಬಂದಿರುತ್ತೆ. ನೋಡೋಕೆ ಮೆತ್ತಗೆ ಕಾಣೋದರಿಂದ ದೊಡ್ಡವರೂ ಗಮನಿಸುವುದಿಲ್ಲ.

ಮೊದಲು ತುದಿ, ಆಮೇಲೆ ಒಡವೆ

ಕತ್ತರಿಸುವ ಕೆಲಸ ದೊಡ್ಡವರದ್ದು. ಬಟ್ಟೆ ಕತ್ತರಿ ಬಳಸಿದರೆ ಅದರ ಬಾಯಿ ಹಾಳಾಗುತ್ತೆ. ಹಳೇ ಕತ್ತರಿ ಅಥವಾ ಮನೆಯಲ್ಲಿರುವ ಕಟಿಂಗ್ ಪ್ಲೇಯರ್ ಸಾಕು. ತುಂಡು ಚಿಮ್ಮಿ ಕಣ್ಣಿಗೆ ಹಾರಬಹುದು, ಹಾಗಾಗಿ ಎರಡೂ ಕಡೆ ಹಿಡಿದು, ನೆಲದ ಕಡೆ ಮುಖ ಮಾಡಿ ಕತ್ತರಿಸಿ.

ಕತ್ತರಿಸಿದ ಕೂಡಲೇ ಪ್ರತಿ ತುದಿಯನ್ನೂ 1 ಸೆಂ.ಮೀ. ಹಿಂದಕ್ಕೆ ಮಡಚಿ, ಪ್ಲೇಯರ್‌ನಲ್ಲಿ ಅಮುಕಿ. ಹೇರ್‌ಪಿನ್ನಿನ ಬಾಗಿದ ಕಡೆ ಹೇಗಿರುತ್ತೋ ಹಾಗೆ ಉರುಟಾಗಬೇಕು. ನಿಮ್ಮ ಕೆನ್ನೆಗೆ ಒಮ್ಮೆ ಉಜ್ಜಿ ನೋಡಿ, ಚುಚ್ಚದಿದ್ದರೆ ಮಗುವಿನ ಕೈಗೆ ಕೊಡಿ. ಮಣಿ ಪೋಣಿಸುವುದಿದ್ದರೆ ಎರಡೂ ಕಡೆ ಮಡಚೋಕಾಗಲ್ಲ, ಮಡಚಿದ ತುದಿ ಮಣಿಯ ತೂತಿಗೆ ಹೋಗಲ್ಲ. ಆಗ ಒಂದು ತುದಿ ಮಡಚಿ, ಇನ್ನೊಂದಕ್ಕೆ ಸೆಲ್ಲೋ ಟೇಪಿನ ಸಣ್ಣ ಚೂರನ್ನು ಬಿಗಿಯಾಗಿ ಸುತ್ತಿ. ಶೂ ಲೇಸಿನ ತುದಿಗೆ ಪ್ಲಾಸ್ಟಿಕ್ ಇರುತ್ತಲ್ಲ, ಅದೇ ಉಪಾಯ. ಪೋಣಿಸಿ ಮುಗಿದ ಮೇಲೆ ಆ ತುದಿಯನ್ನೂ ಮಡಚಿದರಾಯ್ತು.

ಕಡ್ಡಿಯನ್ನು 30 ಸೆಂ.ಮೀ. ಪೂರ್ತಿ ಉದ್ದಕ್ಕೆ ಕೊಡುವಾಗ ಮಗು ಕೂತಿರಲಿ. ಕೈಯಲ್ಲಿ ಬೀಸಾಡಿಕೊಂಡು ಓಡಿದರೆ ಪಕ್ಕದವರ ಕಣ್ಣಿಗೇ ತಾಗೋದು.

ಬಳೆ: ಅಂಗಡಿ ಅಳತೆಯೇ ಸಾಕು

ಬಳೆ ಅಂಗಡಿಯಲ್ಲಿ ‘ಎರಡು ನಾಲ್ಕು’, ‘ಎರಡು ಎರಡು’ ಅಂತ ಅಳತೆ ಹೇಳ್ತಾರಲ್ಲ, ಅದರಲ್ಲಿ ಮೊದಲನೆಯದು ಇಂಚು, ಎರಡನೆಯದು ಇಂಚಿನ ಹದಿನಾರನೇ ಭಾಗದ ಲೆಕ್ಕ. 2.4 ಅಂದರೆ ಬಳೆಯ ಒಳಗಿನ ಅಡ್ಡಳತೆ ಎರಡೂಕಾಲು ಇಂಚು, ಸುಮಾರು 57 ಮಿ.ಮೀ. ಇದನ್ನು ಸುತ್ತಳತೆಗೆ ತಿರುಗಿಸಿದರೆ ತಂತಿ ಎಷ್ಟು ಬೇಕು ಅನ್ನುವುದು ಸಿಗುತ್ತೆ. 1.12 ಅಳತೆಗೆ ಸುತ್ತಳತೆ ಸುಮಾರು 14 ಸೆಂ.ಮೀ., 2.0 ಅಳತೆಗೆ 16, 2.4ಕ್ಕೆ 18. ಇದಕ್ಕೆ ಜೋಡಣೆಗೆ ಅಂತ 4 ಸೆಂ.ಮೀ. ಸೇರಿಸಿ. ಪ್ಲೇನ್ ಬಳೆಯಾದರೆ ಒಂದು ಕಡ್ಡಿಗೆ ಒಂದು ಬಳೆ, ಉಳಿದ ತುಂಡಿನಲ್ಲಿ ಒಂದು ಪುಟ್ಟ ಉಂಗುರ ಬರುತ್ತೆ.

ಲೆಕ್ಕ ಬೇಡ ಅನ್ನುವವರು ಮಗು ಹಾಕಿಕೊಳ್ಳುವ ಹಳೇ ಬಳೆಯನ್ನೇ ಅಚ್ಚಾಗಿ ಇಟ್ಟುಕೊಳ್ಳಬಹುದು. ಎರಡು ಬಣ್ಣದ ಕಡ್ಡಿ ಒಟ್ಟಿಗೆ ಹಿಡಿದು ನಡುವಿನಿಂದ ತುದಿಯ ಕಡೆಗೆ ಹೊಸೆದರೆ ಚೆಂದದ ಹುರಿ ಬಳೆ ಆಗುತ್ತೆ. ಹೊಸೆದಾಗ ಉದ್ದ ಸ್ವಲ್ಪ ಕಮ್ಮಿಯಾಗುವುದರಿಂದ ಮೊದಲೇ ಕತ್ತರಿಸಬೇಡಿ, ಹೊಸೆದು, ಬಳೆಯ ಸುತ್ತ ಹಿಡಿದು ನೋಡಿ, ಆಮೇಲೆ ಕತ್ತರಿಸಿ. ಜೋಡಣೆಯ ಗಂಟು ಕೈಯ ಹೊರಮುಖಕ್ಕೆ ಬರಲಿ. ಅದರ ಮೇಲೆ ಒಂದು ಸುತ್ತು ಟೇಪ್ ಹಾಕಿದರೆ ಬಳೆ ಏರಿಸುವಾಗ ಚರ್ಮಕ್ಕೆ ಕೆರೆಯುವುದಿಲ್ಲ. ಹಾಕಿದ ಮೇಲೆ ಬಳೆಯೊಳಗೆ ನಿಮ್ಮ ಒಂದು ಬೆರಳು ಸಲೀಸಾಗಿ ಆಡಬೇಕು. ಕೈಗೆ ಸುತ್ತಿ ಅಲ್ಲೇ ಬಿಗಿಯುವ ಪದ್ಧತಿ ಬೇಡ. ಮಗುವಿಗೆ ತಾನೇ ತೆಗೆಯೋಕೆ ಬರಬೇಕು.

ಮಣಿ ಬಳೆಗೆ ದೊಡ್ಡ ತೂತಿನ ಪ್ಲಾಸ್ಟಿಕ್ ಮಣಿ ಬೇಕು. ಪೋನಿ ಬೀಡ್ಸ್ ಅಂತ ಸಿಗುವ ಮಣಿಯ ತೂತು ಸುಮಾರು 4 ಮಿ.ಮೀ., ಕಡ್ಡಿ ಅದರೊಳಗೆ ಬಿಗಿಯಾಗಿ ಹೋಗುತ್ತೆ. ಬಳೆ ಅಂಗಡಿಯ ಸಣ್ಣ ಕ್ರಿಸ್ಟಲ್ ಮಣಿಗೆ ಈ ಕಡ್ಡಿ ತೂರುವುದೇ ಇಲ್ಲ, ಕೊಂಡು ದುಡ್ಡು ಹಾಳು ಮಾಡಬೇಡಿ. ಮಣಿಯ ದಪ್ಪ ಬಳೆಯ ಒಳಗೂ ಬರುವುದರಿಂದ ಮೇಲಿನ ಅಳತೆಗೆ ಇನ್ನೂ 3 ಸೆಂ.ಮೀ. ಸೇರಿಸಬೇಕು. ಈ ಲೆಕ್ಕ ತಪ್ಪಿಯೇ ಎಷ್ಟೋ ಮಣಿ ಬಳೆ ಕೈಗೆ ಏರದೆ ಗೂಟಕ್ಕೆ ನೇತಾಡೋದು. ಮಣಿ ಇಲ್ಲದಿದ್ದರೆ ಜ್ಯೂಸ್ ಸ್ಟ್ರಾ ತುಂಡು ಮಾಡಿ ಪೋಣಿಸಿ. ಚನ್ನಪಟ್ಟಣದ ಅರಗು ಬಣ್ಣದ ಮರದ ಮಣಿಯಲ್ಲಿ ತೂತು ದೊಡ್ಡದಿರುವುದು ಸಿಕ್ಕರೆ ನಾಲ್ಕೈದು ಸಾಕು, ಮಧ್ಯಕ್ಕೆ ಹಾಕಿದರೆ ಬಳೆಯ ಕಳೆಯೇ ಬೇರೆ.

ಒಂದು ಕೆಂಪು, ಎರಡು ಹಳದಿ, ಮತ್ತೆ ಒಂದು ಕೆಂಪು ಅಂತ ಪೋಣಿಸುತ್ತಾ ‘ಮುಂದಿಂದು ಯಾವ್ದು?’ ಅಂತ ಕೇಳಿದರೆ ಅಂಗನವಾಡಿ ಮಗುವೂ ಹೇಳುತ್ತೆ. ಗಣಿತದ ಮೊದಲ ಪಾಠ ಅಲ್ಲೇ ಆಯ್ತು.

ಚಕ್ಕುಲಿ ಉಂಗುರ, ಹಬ್ಬದ ಕಿರೀಟ

ಉಂಗುರಕ್ಕೆ ಅರ್ಧ ಕಡ್ಡಿ, ಅಂದರೆ 15 ಸೆಂ.ಮೀ. ಒಂದು ತುದಿಯನ್ನು ಮಡಚಿ, ಆ ಮಡಿಕೆಯಿಂದಲೇ ಶುರು ಮಾಡಿ ಚಕ್ಕುಲಿ ಥರ ಸುತ್ತುತ್ತಾ ಬನ್ನಿ. ಮೊನೆ ಚಕ್ಕುಲಿಯ ನಡುವೆ ಅಡಗಿ ಹೋಗುತ್ತೆ. ಉಳಿದ ಉದ್ದವನ್ನು ದಪ್ಪ ಸ್ಕೆಚ್ ಪೆನ್ನಿನ ಸುತ್ತ ಒಂದು ಸುತ್ತು ತಂದು, ಕೊನೆಯ ತುದಿಯನ್ನು ಮಡಚಿ ಚಕ್ಕುಲಿಯ ಅಡಿಗೆ ಸಿಕ್ಕಿಸಿ. ಆರು ವರ್ಷ ದಾಟಿದ ಮಕ್ಕಳು ಇದನ್ನು ಒಂದೆರಡು ಸಲ ನೋಡಿ ತಾವೇ ಮಾಡ್ತಾರೆ. ಬೆರಳಿಗೆ ಬಿಗಿಯಾಗಿ ಕೂತ ಉಂಗುರವನ್ನು ರಾತ್ರಿ ಹಾಕಿ ಮಲಗಿಸಬೇಡಿ. ತಂತಿ ಬೆರಳಿಗೆ ಕಚ್ಚಿಕೊಂಡು ಊದಿದರೆ ತೆಗೆಯೋದು ಕಷ್ಟ.

ಕಿರೀಟಕ್ಕೆ ಈಗ ಬೇಡಿಕೆ ಜಾಸ್ತಿ, ಮುಖ್ಯವಾಗಿ ಕೃಷ್ಣ ಜನ್ಮಾಷ್ಟಮಿಯ ವೇಷದ ಸ್ಪರ್ಧೆಗೆ. ಎರಡು ಕಡ್ಡಿಗಳನ್ನು 4 ಸೆಂ.ಮೀ. ಒಂದರ ಮೇಲೊಂದು ತಂದು ಹೊಸೆದರೆ 56 ಸೆಂ.ಮೀ. ಆಗುತ್ತೆ, ಶಾಲೆ ಮಗುವಿನ ತಲೆ ಸುತ್ತಿ ಜೋಡಿಸೋಕೆ ಸಾಕಾಗುವಷ್ಟು. ಮೂರನೇ ಕಡ್ಡಿಯನ್ನು ಬೆಟ್ಟಸಾಲಿನ ಹಾಗೆ ಏರಿಳಿಸಿ ಮುಂಭಾಗಕ್ಕೆ ಸುತ್ತಿ. ಮೇಲೆ ಕಾಣುವುದು ಬಾಗಿದ ಜಾಗ ಆಗಿರಬೇಕು, ಕತ್ತರಿಸಿದ ತುದಿ ಅಲ್ಲ. ಎತ್ತಿಕೊಂಡವರ ಮುಖಕ್ಕೆ, ಕಣ್ಣಿಗೆ ತಾಗುವುದು ಆ ತುದಿಗಳೇ. ನವಿಲುಗರಿ ಬೇಕಿದ್ದರೆ ಹಸಿರು ಕಡ್ಡಿಯ ಬಾಗಿದ ಎಲೆಯೊಳಗೆ ನೀಲಿ ಚಕ್ಕುಲಿ ಇಟ್ಟರಾಯ್ತು. ತೋಳಬಂದಿ, ಸೊಂಟದ ಪಟ್ಟಿ ಎಲ್ಲ ಹುರಿ ಬಳೆಯದೇ ದೊಡ್ಡ ರೂಪ. ರಾಖಿಗಂತೂ ಒಂದು ಚಕ್ಕುಲಿ, ಒಂದು ರಿಬ್ಬನ್ ಸಾಕು.

ಕೊರಳಿಗೆ, ಕಿವಿಗೆ ತಂತಿ ಬೇಡ

ತುಂಡುಗಳನ್ನು ಕೊಂಡಿ ಕೊಂಡಿಯಾಗಿ ಸೇರಿಸಿ ಸರ ಮಾಡುವುದು ನೋಡೋಕೆ ಚೆನ್ನಾಗಿರುತ್ತೆ. ಆದರೆ ಪ್ರತಿ ಕೊಂಡಿಗೆ ಎರಡು ಮೊನೆ, ಇಪ್ಪತ್ತು ಕೊಂಡಿಯ ಸರದಲ್ಲಿ ನಲವತ್ತು. ಅದಕ್ಕಿಂತ ಹೆಚ್ಚಿನ ತೊಂದರೆ, ಆಟದಲ್ಲಿ ಕಿಟಕಿ ಸರಳಿಗೋ ಜಾರುಬಂಡಿಗೋ ಸಿಕ್ಕಿಕೊಂಡರೆ ತಂತಿ ಸುಲಭಕ್ಕೆ ತುಂಡಾಗಲ್ಲ, ಕೊರಳನ್ನೇ ಬಿಗಿಯುತ್ತೆ. ಗೋಡೆಯ ತೋರಣಕ್ಕೆ ಆ ಕೊಂಡಿ ಸರ ಇರಲಿ. ಕೊರಳಿಗೆ ಹಾಕುವುದಾದರೆ ಪದಕ ಮಾತ್ರ ಪೈಪ್ ಕ್ಲೀನರ್‌ನದ್ದು, ಸರ ತೆಳ್ಳಗಿನ ಹತ್ತಿ ನೂಲಿನದ್ದು, ಹಿಂದೆ ಎಳೆದರೆ ಬಿಚ್ಚುವ ಜಾರುಗಂಟು. ಆಟಕ್ಕೆ ಹೋಗುವ ಮುಂಚೆ ಅದನ್ನೂ ತೆಗೆಸಿ.

ಕಿವಿ ಚುಚ್ಚಿದ ತೂತಿಗೆ ಈ ತಂತಿ ಹಾಕಲೇಬಾರದು. ಜುಮುಕಿ ಮಾಡುವ ಆಸೆಯಿದ್ದರೆ ಹೇರ್‌ಕ್ಲಿಪ್ಪಿಗೆ ಕಟ್ಟಿ ಕಿವಿಯ ಪಕ್ಕ ಇಳಿಬಿಡಿ.

ದೀಪ, ಒಲೆ, ಪಟಾಕಿ ಹತ್ತಿರ ಈ ಒಡವೆ ಹಾಕಿಸಬೇಡಿ. ಪಾಲಿಯೆಸ್ಟರ್ ಎಳೆ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತೆ. ದೀಪಾವಳಿಗೆ ಮಾಡುವುದಾದರೆ ಬಾಗಿಲಿಗೆ ಕಟ್ಟೋ ಅಲಂಕಾರ ಮಾಡಿಸಿ, ಕೈಗೆ ಬೇಡ. ಇನ್ನೊಂದು ಮಾತು ಯಾವ ಪ್ಯಾಕೆಟ್ ಮೇಲೂ ದೊಡ್ಡದಾಗಿ ಕಾಣಲ್ಲ: ಇದು ಕರೆಂಟ್ ಹರಿಯುವ ತಂತಿ. ತೆವಳುವ, ಈಗಷ್ಟೇ ನಡೆಯುವ ಮಗುವಿರುವ ಮನೆಯಲ್ಲಿ ಕೆಳಗಿನ ಪ್ಲಗ್ ತೂತಿಗೆ ಕಡ್ಡಿ ತೂರಿಸಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಕೆಲಸ ಮುಗಿದ ಮೇಲೆ ಎಣಿಸಿ ಎತ್ತಿಡಿ.

ಮೂರು ವರ್ಷದೊಳಗಿನ ಮಕ್ಕಳಿಗೆ ಮಣಿ ಬೇಡವೇ ಬೇಡ. ಆಟಿಕೆಗಳ ಪರೀಕ್ಷೆಯಲ್ಲಿ 31.7 ಮಿ.ಮೀ. ಅಗಲದ ಕೊಳವೆಯೊಳಗೆ ಪೂರ್ತಿ ಕೂರುವ ವಸ್ತುವನ್ನು ಗಂಟಲಿಗೆ ಸಿಕ್ಕಬಹುದಾದ ಸಣ್ಣ ವಸ್ತು ಅಂತ ಲೆಕ್ಕ ಹಾಕ್ತಾರೆ. 10 ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ಆ ನಾಣ್ಯಕ್ಕಿಂತ ಚಿಕ್ಕದೆಲ್ಲ ಪುಟ್ಟ ಮಗುವಿಂದ ದೂರ ಇರಲಿ ಅಂದುಕೊಂಡರೂ ಸಾಲದು, ಇನ್ನೂ ಸ್ವಲ್ಪ ದೊಡ್ಡದೂ ದೂರ ಇರಬೇಕು.

ಅಂಗಡಿಯವರಿಗೆ

‘ಪೈಪ್ ಕ್ಲೀನರ್ ಕೊಡಿ’ ಅಂತ ಬಂದವರಿಗೆ ‘ಕ್ರಾಫ್ಟಿಗಾ, ಸಿಂಕಿಗಾ?’ ಅಂತ ಒಂದು ಮಾತು ಕೇಳುವುದು ಒಳ್ಳೇದು. ಸ್ಟೇಷನರಿ ಮತ್ತು ಕ್ಲೀನಿಂಗ್ ಸಾಮಾನು ಎರಡೂ ಇಡುವ ಅಂಗಡಿಯಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಚೀಟಿ ಹಿಡಿದು ಬರುವುದು ಎಷ್ಟೋ ಸಲ ಮಗುವೇ. ಎಲ್ಲರಿಗೂ ನೂರರ ಪ್ಯಾಕೆಟ್ ಬೇಕಿರಲ್ಲ. ಬಿಡಿ ಕಡ್ಡಿ ಮಾರಿದರೆ ಒಂದು ಮಗುವಿನ ಕ್ಲಾಸಿಗೆ ಐದಾರು ಕಡ್ಡಿ ಸಾಕು, ಮನೆಯವರ ಜೇಬಿಗೂ ಭಾರವಿಲ್ಲ. ಬಿಡಿ ಕೊಡುವಾಗ ಪ್ಯಾಕೆಟ್ ಮೇಲಿನ ವಯಸ್ಸಿನ ಎಚ್ಚರಿಕೆ ಗಿರಾಕಿಗೆ ಕಾಣಲ್ಲ, ಬಾಯಲ್ಲಿ ಹೇಳಬೇಕು.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೆರೆದಿಟ್ಟ ಕಡ್ಡಿಗೆ ತುದಿಯಿಂದ ತುಕ್ಕು ಹಿಡಿಯುತ್ತೆ. ಮುಚ್ಚಿದ ಕವರಿನಲ್ಲಿ ಇಡಿ, ತುಕ್ಕು ಕಂಡಿದ್ದನ್ನು ಮಾರಬೇಡಿ. ಹೊಸ ಲಾಟ್ ಬಂದಾಗ ಒಂದು ಗಾಢ ಬಣ್ಣದ ಕಡ್ಡಿಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿದರೆ ಬಣ್ಣ ಬಿಡುವ ಮಾಲು ಯಾವುದು ಅಂತ ಗೊತ್ತಾಗುತ್ತೆ. ಆಟಿಕೆ ಅಂತ ಮಾರುವ ಒಡವೆ ಕಿಟ್ ತರಿಸುವವರು ಡಬ್ಬಿಯ ಮೇಲೆ ಐಎಸ್‌ಐ ಗುರುತು ನೋಡಿಯೇ ತರಿಸಬೇಕು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಇದು ಕಡ್ಡಾಯ.

ಚುಚ್ಚಿದರೆ, ನುಂಗಿದರೆ

ಬೆರಳಿಗೆ ಚುಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಿರಿ, ಮಗುವಿನ ತಾಯಿ ಕಾರ್ಡಿನಲ್ಲಿ ಧನುರ್ವಾಯು ಲಸಿಕೆ ಬಾಕಿ ಇದೆಯಾ ನೋಡಿ. ಕಣ್ಣಿಗೆ ತಾಗಿದರೆ ಉಜ್ಜಬಾರದು, ಒತ್ತಬಾರದು, ಎದೆಹಾಲು, ಹರಳೆಣ್ಣೆ ಏನೂ ಬಿಡಬಾರದು. ತಂತಿ ಕಣ್ಣಲ್ಲೇ ಸಿಕ್ಕಿದ್ದರೆ ಎಳೆಯದೆ ಅದೇ ದಿನ, ಅದೇ ಗಂಟೆಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ತಂತಿ ತುಂಡು ನುಂಗಿದರೆ ವಾಂತಿ ಮಾಡಿಸುವುದು, ಬಾಳೆಹಣ್ಣು ತಿನ್ನಿಸಿ ‘ಇಳಿಸುವುದು’ ಎರಡೂ ಬೇಡ, ಸೀದಾ ಆಸ್ಪತ್ರೆಗೆ. ಮಣಿ ಸಿಕ್ಕಿ ಉಸಿರಾಟಕ್ಕೆ ಒದ್ದಾಡುತ್ತಿದ್ದರೆ 108ಕ್ಕೆ ಕರೆ ಮಾಡಿ.

ದನ ಇರುವ ಮನೆಯವರು ಇದನ್ನೂ ಓದಿ

ಕ್ರಾಫ್ಟ್ ಮುಗಿದ ಮೇಲೆ ಕಸಬರಿಗೆಯಲ್ಲಿ ಗುಡಿಸಿ ತಿಪ್ಪೆಗೆ ಎಸೆದ ತುಂಡು ಹುಲ್ಲಿನ ಜೊತೆ ಹಸುವಿನ ಹೊಟ್ಟೆ ಸೇರಬಹುದು. ದನ ಮೇವನ್ನು ಆರಿಸಿ ಅಗಿಯಲ್ಲ, ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತೆ. ಭಾರವಾದ ತಂತಿ ಹೊಟ್ಟೆಯ ಜೇನುಗೂಡಿನಂಥ ಚೀಲದಲ್ಲಿ ಉಳಿದು, ಗೋಡೆ ಚುಚ್ಚಿಕೊಂಡು ಎದೆಯ ಕಡೆಗೆ, ಹೃದಯದವರೆಗೂ ಹೋಗುವುದುಂಟು. ಪಶುವೈದ್ಯರಿಗೆ ಇದು ಹೊಸ ಕಾಯಿಲೆಯಲ್ಲ. ಮೇವು ಬಿಟ್ಟು, ಹಾಲು ಇಳಿಸಿ, ಬೆನ್ನು ಬಾಗಿಸಿ ನಿಂತ ಹಸು ಕಂಡರೆ ಪಶು ಆಸ್ಪತ್ರೆಗೆ ತೋರಿಸಬೇಕು.

ಹಾಗಾಗಿ ಕೆಲಸಕ್ಕೆ ಕೂರುವಾಗಲೇ ಕೆಳಗೆ ಹಳೇ ಚಾಪೆಯೋ ಬೆಡ್‌ಶೀಟೋ ಹಾಸಿ. ಈ ಕಡ್ಡಿಯೊಳಗಿನ ತಂತಿ ಹೆಚ್ಚಾಗಿ ಕಬ್ಬಿಣದ ಜಾತಿಯದು, ಕೆಟ್ಟ ಸ್ಪೀಕರ್‌ನಿಂದ ತೆಗೆದ ಅಯಸ್ಕಾಂತಕ್ಕೆ ಕಚ್ಚಿಕೊಳ್ಳುತ್ತೆ. ಚಾಪೆ ಮೇಲೆ, ಸಂದಿಗಳಲ್ಲಿ ಆ ಅಯಸ್ಕಾಂತ ಆಡಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ. ಬಳೆ ಮಾಡಿದ್ದಕ್ಕಿಂತ ಅದೇ ಅವರಿಗೆ ಹೆಚ್ಚು ಖುಷಿ ಕೊಟ್ಟರೂ ಆಶ್ಚರ್ಯವಿಲ್ಲ. ಸಿಕ್ಕ ತುಂಡುಗಳನ್ನು ಮುಚ್ಚಳವಿರುವ ಖಾಲಿ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಕಸದ ಗಾಡಿಗೆ ಒಣಕಸದ ಜೊತೆ ಕೊಡಿ.