ಬ್ಲ್ಯಾಕ್ ಸಬ್ಬತ್ ಮೇಳದ ಎರಡು ಕಂಠಗಳು

ಗಾಯಕನ ಸತ್ತ್ವಪರೀಕ್ಷೆ ಸಭೆಯ ಎದುರಿನಲ್ಲಿಯೇ ಆಗತಕ್ಕದ್ದೆಂಬುದು ಎಲ್ಲ ದೇಶಗಳ ರಸಿಕರಿಗೂ ಒಪ್ಪಿಗೆಯಾದ ಮಾತು. ಮನೆಯಲ್ಲಿ ಕುಳಿತು ಕೇಳುವ ಧ್ವನಿಮುದ್ರಿಕೆಯು ಎಷ್ಟು ನಿರ್ದುಷ್ಟವಾಗಿದ್ದರೂ ಅದು ತಿದ್ದಿ ತೀಡಿದ ಪ್ರತಿ. ಕಚೇರಿಯಲ್ಲಾದರೋ ತಪ್ಪಿದ ಸ್ವರವನ್ನು ಹಿಂದಕ್ಕೆ ಕರೆಯುವ ಉಪಾಯವಿಲ್ಲ. ಹೆವಿ ಮೆಟಲ್ ಎಂದು ಹೆಸರಾದ ಪಾಶ್ಚಾತ್ಯ ಸಂಗೀತಪದ್ಧತಿಯ ಅಭಿಮಾನಿಗಳಲ್ಲಿ ಈ ಭಾವನೆ ಅತ್ಯಂತ ಪ್ರಬಲವಾಗಿರುವುದು. ಆದುದರಿಂದಲೇ ಯಾವ ಮೇಳವು ರಂಗದ ಮೇಲೆ ಮಿಗಿಲಾದುದೆಂಬ ವಾದವು ಆ ಪದ್ಧತಿಯಷ್ಟೇ ಹಳೆಯದಾಗಿದೆ. ಅಂತಹ ವಾದಗಳಲ್ಲಿ ದೀರ್ಘಕಾಲ ನಡೆದುದೂ ವಿಲಕ್ಷಣವಾದುದೂ ಆದ ಒಂದು ವಾದವು ಎರಡು ಮೇಳಗಳ ನಡುವಣದಲ್ಲ. ಒಂದೇ ಮೇಳದ ಎರಡು ರೂಪಗಳ ನಡುವಣದು. ಓಜಿ ಆಸ್ಬರ್ನನು ಹಾಡುತ್ತಿದ್ದ ಬ್ಲ್ಯಾಕ್ ಸಬ್ಬತ್ ಮೇಲೋ, ರಾನಿ ಜೇಮ್ಸ್ ಡಿಯೊ ಹಾಡುತ್ತಿದ್ದ ಬ್ಲ್ಯಾಕ್ ಸಬ್ಬತ್ ಮೇಲೋ ಎಂಬುದೇ ಆ ಪ್ರಶ್ನೆ.

ಇಂತಹ ವಾದಗಳನ್ನು ಅಳತೆಗೋಲಿನಿಂದ ತೀರಿಸುವ ಯತ್ನವೂ ಒಂದು ಕಾಲದಲ್ಲಿ ನಡೆಯಿತು. ೧೯೭೨ರಲ್ಲಿ ಲಂಡನ್ನಿನ ರೇನ್‌ಬೋ ನಾಟಕಶಾಲೆಯಲ್ಲಿ ಡೀಪ್ ಪರ್ಪಲ್ ಮೇಳದ ಕಚೇರಿಯ ನಾದವು ೧೧೭ ಡೆಸಿಬೆಲ್ಲುಗಳನ್ನು ಮುಟ್ಟಿತೆಂದು ಗಿನ್ನೆಸ್ ದಾಖಲೆಗಳ ಪುಸ್ತಕವು ನಮೂದಿಸಿತು. ೧೯೭೬ರಲ್ಲಿ ದಿ ಹೂ ಎಂಬ ಮೇಳವು ಚಾರ್ಲ್‌ಟನ್ ಮೈದಾನದಲ್ಲಿ ೧೨೬ ಡೆಸಿಬೆಲ್ಲುಗಳಿಗೇರಿ ಆ ಸ್ಥಾನವನ್ನು ಪಡೆಯಿತು. ಈ ಸ್ಪರ್ಧೆಯಿಂದ ಶ್ರೋತೃಗಳ ಕಿವಿಗೆ ಹಾನಿಯಾಗುವುದೆಂಬ ಕಾರಣದಿಂದ ಆ ಪುಸ್ತಕದವರು ಮುಂದೆ ಈ ದಾಖಲೆಯನ್ನೇ ಕೈಬಿಟ್ಟರು. ಗಟ್ಟಿತನವನ್ನು ಅಳೆಯಬಹುದು, ಶ್ರೇಷ್ಠತೆಯನ್ನು ಅಳೆಯಲಾಗದು. ಆದಕಾರಣ ವಾದವು ಮತ್ತೆ ಸಾಕ್ಷಿಗಳನ್ನೇ ಅವಲಂಬಿಸಬೇಕಾಯಿತು. ಸಾಕ್ಷಿಗಳು ಎಂತಹವು ಎಂಬುದರಲ್ಲಿಯೇ ಈ ಇತಿಹಾಸದ ಸ್ವಾರಸ್ಯವೆಲ್ಲ ಇರುವುದು.

ಬ್ಲ್ಯಾಕ್ ಸಬ್ಬತ್ ಮೇಳವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ ಹುಟ್ಟಿತು. ಅದರ ಗಿಟಾರುವಾದಕ ಟೋನಿ ಅಯೋಮಿಯು ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡನು. ಎಡಗೈಯಿಂದ ಮೀಟುವವನಾದ ಅವನಿಗೆ ತಂತಿಯನ್ನೊತ್ತುವ ಬೆರಳುಗಳು ಅವೇ ಆಗಿದ್ದುವು. ಆದರೂ ಅವನು ಎದೆಗುಂದದೆ ಪ್ಲಾಸ್ಟಿಕ್ಕನ್ನು ಕರಗಿಸಿ ಬೆರಳತುದಿಗಳನ್ನು ಮಾಡಿಕೊಂಡನು. ಒತ್ತುವುದಕ್ಕೆ ಸುಲಭವಾದ ತೆಳುತಂತಿಗಳನ್ನು ಕಟ್ಟಿದನು. ಮುಂದೆ ಶ್ರುತಿಯನ್ನು ತಗ್ಗಿಸಿ ನುಡಿಸಿದನು. ಮೇಳದ ಭಾರವಾದ ನಾದಕ್ಕೆ ಈ ಅಂಗವೈಕಲ್ಯವೂ ಒಂದು ಕಾರಣವಾಯಿತು. ಗೀಜರ್ ಬಟ್ಲರನು ಬೇಸ್ ಗಿಟಾರನ್ನೂ, ಬಿಲ್ ವಾರ್ಡನು ಡ್ರಮ್ಮುಗಳನ್ನೂ ನುಡಿಸುತ್ತಿದ್ದರು. ಹಾಡುಗಾರನಾದ ಓಜಿಯು ಕಸಾಯಿಖಾನೆಯಲ್ಲಿ ಕೂಲಿಮಾಡಿದವನು, ಕನ್ನಗಳವಿಗಾಗಿ ಕೆಲವು ವಾರ ಸೆರೆಮನೆಯಲ್ಲಿದ್ದವನು. ಸಂಗೀತದಲ್ಲಿ ಶಿಕ್ಷಣ ಪಡೆದವನಲ್ಲ. ೧೯೭೦ರ ಫೆಬ್ರುವರಿ ೧೩ರಂದು ಇವರ ಪ್ರಥಮ ಮುದ್ರಿಕೆಯು ಹೊರಬಿದ್ದಿತು. ಹೆವಿ ಮೆಟಲ್ಲಿನ ಇತಿಹಾಸವನ್ನು ಅನೇಕರು ಅಂದಿನಿಂದಲೇ ಎಣಿಸುವರು.

ಓಜಿಯ ಕಂಠವು ಎತ್ತರವಾಗಿಯೂ ಸಪೂರವಾಗಿಯೂ ಇದ್ದು ಒಂದು ಬಗೆಯ ಗೋಳಿನ ಧ್ವನಿಯನ್ನು ಹೊಂದಿದ್ದಿತು. ಗಿಟಾರು ಹೋದ ದಾರಿಯಲ್ಲಿಯೇ ಅವನ ಹಾಡೂ ಬಹುಮಟ್ಟಿಗೆ ಹೋಗುತ್ತಿದ್ದಿತು; ‘ಐರನ್ ಮ್ಯಾನ್’ ಎಂಬ ಹಾಡಿನಲ್ಲಿ ಇದು ಸ್ಪಷ್ಟವಾಗಿ ಕೇಳಿಬರುವುದು. ಆದರೆ ರಂಗದ ಮೇಲೆ ಅವನು ಸುಮ್ಮನೆ ನಿಂತು ಹಾಡುವವನಲ್ಲ. ಎರಡು ಬೆರಳುಗಳನ್ನು ಕವಲಾಗಿ ಎತ್ತಿ ಶಾಂತಿಯ ಸಂಜ್ಞೆಯನ್ನು ತೋರುತ್ತ, ಚಪ್ಪಾಳೆ ತಟ್ಟುತ್ತ, ಕುಣಿಯುತ್ತ, ಸಭೆಯನ್ನೆಲ್ಲ ತನ್ನೊಡನೆ ಹಾಡಿಸುವನು. ೧೯೭೪ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಜ್ಯಾಮ್ ಉತ್ಸವದಲ್ಲಿ ಲಕ್ಷಾಂತರ ಜನರ ಮುಂದೆ ಅವನು ಹಾಡಿದ ಚಲಚ್ಚಿತ್ರವು ಇದಕ್ಕೆ ನಿದರ್ಶನ. ಆದರೆ ಆ ದಶಕದ ಕೊನೆಗೆ ಮದ್ಯಪಾನಾದಿಗಳಿಂದಲೂ ಅಂತಃಕಲಹದಿಂದಲೂ ಮೇಳವು ಸೊರಗಿತು. ೧೯೭೮ರ ಸಂಚಾರದಲ್ಲಿ ಇವರಿಗಿಂತ ಮೊದಲು ಹಾಡುವುದಕ್ಕೆ ವ್ಯಾನ್ ಹೇಲನ್ ಎಂಬ ಹೊಸ ಮೇಳವು ಗೊತ್ತಾಗಿದ್ದಿತು. ಆ ತರುಣರು ರಾತ್ರಿರಾತ್ರಿಯೂ ತಮ್ಮನ್ನು ಮೀರಿಸುತ್ತಿದ್ದರೆಂದು ಓಜಿಯೇ ಅನಂತರ ಒಪ್ಪಿಕೊಂಡಿರುವನು. ೧೯೭೯ರಲ್ಲಿ ಉಳಿದ ಮೂವರು ಅವನನ್ನು ಮೇಳದಿಂದ ಬಿಡಿಸಿದರು.

ಅವನ ಸ್ಥಾನಕ್ಕೆ ಬಂದ ಡಿಯೊ ಸರ್ವಥಾ ಭಿನ್ನನಾದ ಗಾಯಕನು. ಅಮೆರಿಕದಲ್ಲಿ ಇಟಾಲಿಯನ್ ಮೂಲದ ಮನೆತನದಲ್ಲಿ ೧೯೪೨ರಲ್ಲಿ ಹುಟ್ಟಿದ ಈತನು ಬಾಲ್ಯದಲ್ಲಿಯೇ ತುತ್ತೂರಿಯನ್ನು ಅಭ್ಯಾಸಮಾಡಿ, ಅದರಿಂದ ಉಸಿರಿನ ಹಿಡಿತವನ್ನು ಸಾಧಿಸಿದ್ದನು. ರೇನ್‌ಬೋ ಎಂಬ ಮೇಳದಲ್ಲಿ ಹಾಡಿ ಕೀರ್ತಿವಂತನಾಗಿದ್ದನು. ಓಜಿಯು ಗಿಟಾರಿನ ಪದದೊಡನೆ ಹಾಡುತ್ತಿದ್ದರೆ ಡಿಯೊ ಅದನ್ನು ಅಡ್ಡಹಾಯ್ದು ಹಾಡುತ್ತಿದ್ದನೆಂದೂ, ಅದರಿಂದ ತನ್ನ ರಚನೆಗೇ ಹೊಸ ದಾರಿ ತೆರೆಯಿತೆಂದೂ ಅಯೋಮಿಯು ತಿಳಿಸಿರುವನು. ೧೯೮೦ರ ‘ಹೆವನ್ ಅಂಡ್ ಹೆಲ್’ ಮುದ್ರಿಕೆಯು ಮೇಳಕ್ಕೆ ಮರುಜನ್ಮವನ್ನು ಕೊಟ್ಟಿತು.

ಆದರೆ ಮುದ್ರಿಕೆಯಲ್ಲಿ ಗೆಲ್ಲುವುದು ಬೇರೆ, ಹತ್ತು ವರ್ಷ ಇನ್ನೊಬ್ಬನನ್ನು ನೋಡಿದ ಸಭೆಯ ಮುಂದೆ ನಿಲ್ಲುವುದು ಬೇರೆ. ನಾಟಕಮಂಡಲಿಯಲ್ಲಿ ಹೆಸರಾದ ನಟನು ಬಿಟ್ಟುಹೋದ ಪಾತ್ರವನ್ನು ಹೊಸಬನು ವಹಿಸಿದಾಗ ಪ್ರೇಕ್ಷಕರು ಅವನಲ್ಲಿ ಹಳಬನನ್ನೇ ಹುಡುಕುವುದುಂಟು. ಡಿಯೊನಿಗೂ ಇದೇ ಇಕ್ಕಟ್ಟು ಒದಗಿತು. ಓಜಿಯ ಶಾಂತಿಸಂಜ್ಞೆಯನ್ನು ಅನುಕರಿಸಲು ಅವನ ಮನಸ್ಸು ಒಪ್ಪಲಿಲ್ಲ. ಅದಕ್ಕೆ ಬದಲಾಗಿ, ದೃಷ್ಟಿದೋಷ ತಗಲದಂತೆ ತನ್ನ ಅಜ್ಜಿಯು ತೋರುತ್ತಿದ್ದ ಮುದ್ರೆಯನ್ನು, ಎಂದರೆ ತೋರುಬೆರಳನ್ನೂ ಕಿರುಬೆರಳನ್ನೂ ಕೊಂಬಿನಂತೆ ಎತ್ತಿ ನಡುವಿನವನ್ನು ಮಡಿಸುವುದನ್ನು, ರಂಗದ ಮೇಲೆ ತಂದೆನೆಂದು ಅವನೇ ಹೇಳಿರುವನು. ಅದಕ್ಕೂ ಮೊದಲೇ ತಾನು ಆ ಮುದ್ರೆಯನ್ನು ತೋರುತ್ತಿದ್ದೆನೆಂದು ಬಟ್ಲರನ ಹೇಳಿಕೆ. ಅದು ಹೇಗೇ ಇರಲಿ, ಇಂದು ಲೋಕದ ಎಲ್ಲ ಕಡೆಗಳಲ್ಲಿಯೂ ಮೆಟಲ್ ಅಭಿಮಾನಿಗಳ ಗುರುತಾಗಿರುವ ಈ ಕೈಮುದ್ರೆಯು ಪ್ರಸಿದ್ಧವಾದದ್ದು ಡಿಯೊನಿಂದ. ಅದನ್ನು ಅವನು ಹಿಡಿದುದು ಓಜಿಯ ನೆರಳಿನಿಂದ ಹೊರಬರುವುದಕ್ಕೆ.

ಇಬ್ಬರಲ್ಲಿ ಯಾರು ಮೇಲೆಂದು ವಾದಿಸಿದವರಲ್ಲಿ ಬಹುಪಾಲಿನವರು ಇಬ್ಬರನ್ನೂ ಕಂಡವರಲ್ಲ. ಅವರಿಗೆ ಆಧಾರವಾದುವು ಮೂರು ಮುದ್ರಿಕೆಗಳು. ಮೊದಲನೆಯದು ೧೯೮೦ರಲ್ಲಿ ಬಂದ ‘ಲೈವ್ ಅಟ್ ಲಾಸ್ಟ್’. ಇದರಲ್ಲಿರುವುವು ೧೯೭೩ರಲ್ಲಿ ಮ್ಯಾಂಚೆಸ್ಟರಿನಲ್ಲಿಯೂ ಲಂಡನ್ನಿನಲ್ಲಿಯೂ ಓಜಿಯು ಹಾಡಿದ ಹಾಡುಗಳು. ಮೇಳದ ಅನುಮತಿಯಿಲ್ಲದೆಯೇ ಹೊರಬಂದರೂ ಇದು ಬ್ರಿಟನ್ನಿನ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿತು. ಹೊಸ ಗಾಯಕನ ಹೊಸ ಹಾಡುಗಳು ಅಂಗಡಿಗೆ ಬಂದಿದ್ದ ಸಮಯದಲ್ಲಿಯೇ ಹಳೆಯ ಗಾಯಕನ ಏಳು ವರ್ಷಗಳ ಹಿಂದಿನ ಧ್ವನಿಯೂ ಪಕ್ಕದಲ್ಲಿ ಬಂದು ಕುಳಿತಂತಾಯಿತು.

ಎರಡನೆಯದು ೧೯೮೨ರ ನವೆಂಬರಿನಲ್ಲಿ ಬಂದ ‘ಸ್ಪೀಕ್ ಆಫ್ ದಿ ಡೆವಿಲ್’. ಅದೇ ವರ್ಷದ ಮಾರ್ಚಿ ೧೯ರಂದು ಓಜಿಯ ಸ್ವಂತ ಮೇಳದ ತರುಣ ಗಿಟಾರುವಾದಕ ರ್‍ಯಾಂಡಿ ರೋಡ್ಸನು ವಿಮಾನದ ಅಪಘಾತದಲ್ಲಿ ಮಡಿದಿದ್ದನು. ಆ ದುಃಖವು ಆರುವುದಕ್ಕೆ ಮುನ್ನವೇ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ರಿಟ್ಜ್ ಎಂಬಲ್ಲಿ ಓಜಿಯು ಬ್ರ್ಯಾಡ್ ಗಿಲ್ಲಿಸನ ಗಿಟಾರಿನೊಡನೆ ಕೇವಲ ಬ್ಲ್ಯಾಕ್ ಸಬ್ಬತ್ತಿನ ಹಾಡುಗಳನ್ನೇ ಹಾಡಿ ಮುದ್ರಿಸಬೇಕಾಗಿ ಬಂದಿತು. ಒಪ್ಪಂದದ ಋಣವನ್ನು ತೀರಿಸುವುದೇ ಅದರ ಮುಖ್ಯ ಉದ್ದೇಶ. ಆ ಮುದ್ರಿಕೆಯ ಮೇಲೆ ಅವನಿಗೇ ಪ್ರೀತಿಯಿರಲಿಲ್ಲ.

ಮೂರನೆಯದು ಡಿಯೊ ಹಾಡಿದ ‘ಲೈವ್ ಈವಿಲ್’. ೧೯೮೨ರಲ್ಲಿ ಡಲ್ಲಾಸ್, ಸ್ಯಾನ್ ಆಂಟೋನಿಯೊ, ಸಿಯಾಟಲ್ ನಗರಗಳಲ್ಲಿ ಮುದ್ರಿತವಾದ ಇದು ಹಿಂದಿನದಕ್ಕೆ ಬೆನ್ನುಹತ್ತಿಯೇ ಬಂದಿತು. ‘ವಾರ್ ಪಿಗ್ಸ್’, ‘ಎನ್. ಐ. ಬಿ.’, ‘ಐರನ್ ಮ್ಯಾನ್’, ‘ಪ್ಯಾರನಾಯ್ಡ್’, ‘ಚಿಲ್ಡ್ರನ್ ಆಫ್ ದಿ ಗ್ರೇವ್’ ಮತ್ತು ಮೇಳದ ಹೆಸರನ್ನೇ ಹೊತ್ತ ಹಾಡು, ಈ ಆರು ಎರಡರಲ್ಲಿಯೂ ಇದ್ದುವು. ತಕ್ಕಡಿಯ ಎರಡು ತಟ್ಟೆಗಳಲ್ಲಿ ಒಂದೇ ಸರಕನ್ನಿಟ್ಟು ತೂಗುವ ಅವಕಾಶವು ಅಭಿಮಾನಿಗಳಿಗೆ ತಾನಾಗಿ ಒದಗಿತು. ಆದರೆ ತಕ್ಕಡಿಯೇ ಸಮವಾಗಿರಲಿಲ್ಲ. ಒಂದರಲ್ಲಿ ಓಜಿಯಿದ್ದನು, ಅಯೋಮಿಯಾಗಲಿ ಬಟ್ಲರನಾಗಲಿ ಇರಲಿಲ್ಲ. ಇನ್ನೊಂದರಲ್ಲಿ ಅವರಿದ್ದರು, ಓಜಿಯಿರಲಿಲ್ಲ. ಬಿಲ್ ವಾರ್ಡನು ಎರಡರಲ್ಲಿಯೂ ಇಲ್ಲ. ೧೯೮೦ರಲ್ಲಿಯೇ ಅವನು ಸಂಚಾರದ ನಡುವೆ ಹೊರಟುಹೋಗಿ, ಅವನ ಸ್ಥಾನದಲ್ಲಿ ವಿನಿ ಆಪಿಸಿಯು ಬಂದಿದ್ದನು.

‘ಲೈವ್ ಈವಿಲ್’ ಸಿದ್ಧವಾದ ಬಗೆಯಂತೂ ಇನ್ನಷ್ಟು ವಿಷಾದಕರ. ಧ್ವನಿಮಿಶ್ರಣದ ಕಾಲದಲ್ಲಿ ಡಿಯೊ ಮತ್ತು ಆಪಿಸಿಯು ತಾವಿಲ್ಲದ ವೇಳೆ ಸ್ಟುಡಿಯೋಗೆ ಹೋಗಿ ಗಾನವನ್ನೂ ಡ್ರಮ್ಮನ್ನೂ ಏರಿಸುತ್ತಿರುವರೆಂದು ಅಯೋಮಿ ಮತ್ತು ಬಟ್ಲರರು ಸಂಶಯಪಟ್ಟರು. ಡಿಯೊ ಅದನ್ನು ಖಂಡಿತವಾಗಿ ನಿರಾಕರಿಸಿದನು. ಒಬ್ಬರ ಮುಖವನ್ನು ಒಬ್ಬರು ನೋಡದಷ್ಟು ಮನಸ್ಸುಗಳು ಕೆಟ್ಟು, ಮುದ್ರಿಕೆಯು ಹೊರಬೀಳುವುದಕ್ಕೆ ಮೊದಲೇ ಡಿಯೊ ಮತ್ತು ಆಪಿಸಿಯು ಮೇಳವನ್ನು ಬಿಟ್ಟರು. ಹೊದಿಕೆಯ ಮೇಲೆ ಅವನ ಪೂರ್ಣನಾಮವನ್ನೂ ಅಚ್ಚುಮಾಡದೆ ಬರಿಯ ‘ರಾನಿ ಡಿಯೊ’ ಎಂದು ಬರೆಯಲಾಯಿತು. ಸಭೆಯ ಕೋಲಾಹಲವು ಈ ಮುದ್ರಿಕೆಯಲ್ಲಿ ತೀರ ಕ್ಷೀಣವಾಗಿ ಕೇಳಿಸುವುದೆಂಬ ಆಕ್ಷೇಪಣೆಯು ಬಹುಕಾಲವಿದ್ದಿತು. ೨೦೨೩ರಲ್ಲಿ ಅದನ್ನು ಹೊಸದಾಗಿ ಮಿಶ್ರಣಮಾಡಿ ಮತ್ತೆ ಹೊರತಂದರು. ಹೀಗೆ, ಡಿಯೊ ಸಭೆಯನ್ನು ಸೆಳೆಯಲಾರನೆಂದು ನಾಲ್ಕು ದಶಕಗಳ ಕಾಲ ಈ ಮುದ್ರಿಕೆಯನ್ನು ಮುಂದಿಟ್ಟು ವಾದಿಸಿದವರು, ಗಾಯಕನ ಗುಣವನ್ನಲ್ಲದೆ ಮಿಶ್ರಣಕಾರರ ಜಗಳವನ್ನೂ ಸಾಕ್ಷಿಯಾಗಿ ಹಿಡಿದಿದ್ದರು. ೧೯೮೧ರ ವರ್ಷಾಂತ್ಯದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ನಿನಲ್ಲಿ ಇದೇ ಮೇಳವು ನಡೆಸಿದ ಕಚೇರಿಗಳ ಮುದ್ರಿಕೆಯು ೨೦೦೭ರಲ್ಲಿ ಕೇವಲ ೫೦೦೦ ಪ್ರತಿಗಳಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ವಾದವು ಕಾಲು ಶತಮಾನವನ್ನು ಕಳೆದಿದ್ದಿತು.

ಉಭಯಪಕ್ಷಗಳ ವಾದವನ್ನು ಕೂಲಂಕಷವಾಗಿ ನೋಡಿದರೆ ಅವು ಒಂದೇ ಪ್ರಶ್ನೆಗೆ ಎರಡು ಉತ್ತರಗಳಲ್ಲ. ಬೇರೆಬೇರೆ ಪ್ರಶ್ನೆಗಳೇ ಎಂಬುದು ತಿಳಿದುಬರುವುದು. ಡಿಯೊನ ಪಕ್ಷದವರು ಕೇಳುವುದು ಗಾನದ ಗುಣ: ಶ್ರುತಿಶುದ್ಧಿ, ಉಸಿರಿನ ದೀರ್ಘತೆ, ‘ಹೆವನ್ ಅಂಡ್ ಹೆಲ್’ ಹಾಡನ್ನು ಹನ್ನೆರಡು ನಿಮಿಷಗಳಿಗೂ ಮಿಕ್ಕಿ ಬೆಳೆಸಿ ಕಥೆಯಂತೆ ನಡೆಸುವ ಶಕ್ತಿ. ಈ ವಿಷಯದಲ್ಲಿ ಓಜಿಯು ಸರಿಸಾಟಿಯಲ್ಲವೆಂದು ಅವನ ಭಕ್ತರೂ ಒಪ್ಪುವರು. ಓಜಿಯ ಪಕ್ಷದವರು ಹುಡುಕುವುದಾದರೋ ಮೊದಲು ಆ ಹಾಡು ಯಾರ ಬಾಯಿಂದ ಬಂದಿತೋ ಆ ಮನುಷ್ಯನನ್ನು. ‘ಐರನ್ ಮ್ಯಾನ್’ ಹಾಡನ್ನು ಡಿಯೊ ಹೆಚ್ಚು ಸೊಗಸಾಗಿ ಹಾಡಿದಷ್ಟೂ ಅದು ಬೇರೆಯ ಹಾಡಾಗುವುದೆಂಬುದು ಅವರ ದೂರು. ಡಿಯೊನ ಸಭೆಯು ಕೇಳಿ ಬೆರಗಾಗುತ್ತಿದ್ದಿತು. ಓಜಿಯ ಸಭೆಯು ತಾನೇ ಹಾಡುತ್ತಿದ್ದಿತು.

ಈ ವಾದವು ಹರಟೆಯಾಗಿಯೇ ಉಳಿಯಲಿಲ್ಲ. ಅದು ಮೇಳದ ಭವಿತವ್ಯವನ್ನೂ ತಿರುಗಿಸಿತು. ನಡುವೆ ಅನ್ಯ ಗಾಯಕರು ಬಂದುಹೋದ ಬಳಿಕ ೧೯೯೧ರಲ್ಲಿ ಡಿಯೊ ಹಿಂದಿರುಗಿದ್ದನು. ೧೯೯೨ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾ ಎಂಬಲ್ಲಿ ಓಜಿಯು ತನ್ನ ವಿದಾಯದ ಕಚೇರಿಗಳೆಂದು ಸಾರಿದ್ದ ಎರಡು ರಾತ್ರಿಗಳಲ್ಲಿ, ಅವನಿಗಿಂತ ಮೊದಲು ಹಾಡಲು ಬ್ಲ್ಯಾಕ್ ಸಬ್ಬತ್ತಿಗೆ ಆಹ್ವಾನ ಬಂದಿತು. ಅದನ್ನು ಅಯೋಮಿ ಮತ್ತು ಬಟ್ಲರರು ಒಪ್ಪಿಕೊಂಡರು. ಡಿಯೊ ಒಪ್ಪದೆ ಮೇಳವನ್ನೇ ತ್ಯಜಿಸಿದನು. ಓಜಿಗೆ ಪೀಠಿಕೆಯಾಗಿ ನಿಲ್ಲುವುದೆಂದರೆ ಹನ್ನೆರಡು ವರ್ಷಗಳ ವಾದದಲ್ಲಿ ಸೋಲನ್ನು ತಾನೇ ಬರೆದುಕೊಟ್ಟಂತೆ ಎಂದು ಅವನ ಅಭಿಮಾನಿಗಳು ಅದನ್ನು ಅರ್ಥಮಾಡಿಕೊಂಡರು. ಆ ಎರಡು ರಾತ್ರಿ ಅವನ ಬದಲಿಗೆ ಜೂಡಾಸ್ ಪ್ರೀಸ್ಟ್ ಮೇಳದಿಂದ ಪ್ರಸಿದ್ಧನಾದ ರಾಬ್ ಹ್ಯಾಲ್‌ಫರ್ಡನು ಹಾಡಿದನು. ಎರಡನೆಯ ರಾತ್ರಿಯ ಕೊನೆಯಲ್ಲಿ ಮೂಲದ ನಾಲ್ವರೂ ಒಟ್ಟಾಗಿ ರಂಗಕ್ಕೆ ಬಂದರು.

ಆ ನಾಲ್ವರು ೧೯೯೭ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹಾಡಿದುದು ಮರುವರ್ಷ ‘ರಿಯೂನಿಯನ್’ ಎಂಬ ಮುದ್ರಿಕೆಯಾಯಿತು. ೨೦೦೬ರಲ್ಲಿ ಅಮೆರಿಕದ ರಾಕ್ ಸಂಗೀತದ ಗೌರವಭವನಕ್ಕೆ ಸೇರಿಸಲ್ಪಟ್ಟವರೂ ಇವರೇ. ಡಿಯೊನಿಗೆ ಆ ಮನ್ನಣೆಯಲ್ಲಿ ಪಾಲು ದೊರೆಯಲಿಲ್ಲ. ಅದೇ ವರ್ಷ ಅಯೋಮಿ, ಬಟ್ಲರ್, ಆಪಿಸಿಯರು ಡಿಯೊನನ್ನು ಕೂಡಿಕೊಂಡು ‘ಹೆವನ್ ಅಂಡ್ ಹೆಲ್’ ಎಂಬ ಹೆಸರಿನಿಂದಲೇ ಪ್ರತ್ಯೇಕ ಮೇಳವನ್ನು ಕಟ್ಟಿ, ಅವನ ಕಾಲದ ಹಾಡುಗಳನ್ನು ಮಾತ್ರ ನುಡಿಸಿದರು. ಇದು ವಾದಕ್ಕೆ ದೊರೆತ ಅತ್ಯಂತ ನ್ಯಾಯವಾದ ತೀರ್ಪೆನ್ನಬಹುದು. ಒಬ್ಬನ ಹಾಡನ್ನು ಇನ್ನೊಬ್ಬನ ಬಾಯಲ್ಲಿ ತೂಗುವ ಕ್ರಮವು ಅಲ್ಲಿಗೆ ನಿಂತಿತು. ಡಿಯೊ ೨೦೧೦ರ ಮೇ ೧೬ರಂದು ಅರ್ಬುದರೋಗದಿಂದ ನಿಧನನಾದನು.

೨೦೨೫ರ ಜುಲೈ ೫ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಮೂಲದ ನಾಲ್ವರು ಕೊನೆಯ ಸಲ ಕೂಡಿದರು. ಕಂಪವಾತದಿಂದ ಜರ್ಝರಿತನಾಗಿದ್ದ ಓಜಿಯು ನಿಲ್ಲಲಾರದೆ ಆಸನದ ಮೇಲೆ ಕುಳಿತೇ ಹಾಡಿದನು. ಅಂದು ಮೇಳವು ನುಡಿಸಿದ ನಾಲ್ಕು ಹಾಡುಗಳೂ ಹಿಂದೆ ಹೇಳಿದ ಆರರೊಳಗಿನವೇ. ಅವನ ಸ್ವರವು ತಪ್ಪಿದ ಕಡೆಗಳಲ್ಲಿ ಜನಸಮೂಹವು ಹಾಡನ್ನು ಎತ್ತಿಕೊಂಡಿತು. ಹದಿನೇಳು ದಿನಗಳ ತರುವಾಯ ಅವನೂ ತೀರಿಹೋದನು.

ಎರಡು ಕಂಠಗಳೂ ಈಗ ಮುದ್ರಿಕೆಗಳಲ್ಲಿ ಮಾತ್ರ ಉಳಿದಿವೆ. ಮುಂದೆ ಈ ವಾದವನ್ನು ಎತ್ತುವವರು ಯಾರೂ ಕಣ್ಣಾರೆ ಕಂಡವರಾಗಿರಲಾರರು. ೧೯೭೦ರ ಒಂದು ಚಲಚ್ಚಿತ್ರವು ಪ್ಯಾರಿಸ್ಸಿನದೆಂದು ದಶಕಗಳ ಕಾಲ ಕೈಯಿಂದ ಕೈಗೆ ಸಾಗಿ, ಕೊನೆಗೆ ಬ್ರಸೆಲ್ಸಿನದೆಂದು ಗೊತ್ತಾದುದುಂಟು. ಊರೇ ತಪ್ಪಾಗಬಹುದಾದಲ್ಲಿ ಉಳಿದುದನ್ನು ಹೇಳತಕ್ಕದ್ದೇನಿದೆ? ಶಾಸನವನ್ನೋದುವವನು ಅದನ್ನು ಯಾರು, ಯಾವಾಗ, ಯಾವ ಪ್ರಯೋಜನಕ್ಕಾಗಿ ಬರೆಯಿಸಿದರೆಂದು ಮೊದಲು ವಿಚಾರಿಸುವಂತೆ, ಕಚೇರಿಯ ಮುದ್ರಿಕೆಯನ್ನು ಕೇಳುವವನೂ ವಿಚಾರಿಸತಕ್ಕದ್ದು. ಅನುಮತಿಯಿಲ್ಲದೆ ಬಂದುದೊಂದು, ಋಣಕ್ಕಾಗಿ ಹಾಡಿದುದೊಂದು, ಜಗಳದಲ್ಲಿ ಬೆಸೆದುದೊಂದು: ಈ ಮೂರರಿಂದ ಇಬ್ಬರು ಗಾಯಕರ ತಾರತಮ್ಯವನ್ನು ನಿರ್ಣಯಿಸುವುದು ಉಚಿತವಲ್ಲ. ಗಾಯಕನೆಂಬ ದೃಷ್ಟಿಯಿಂದ ಡಿಯೊ ಹಿರಿಯನೆಂದೂ, ಸಭೆಯನ್ನು ತನ್ನದಾಗಿ ಮಾಡಿಕೊಳ್ಳುವುದರಲ್ಲಿ ಓಜಿಯು ಹಿರಿಯನೆಂದೂ ಹೇಳುವಷ್ಟಕ್ಕೆ ಮಾತ್ರ ದೊರೆತಿರುವ ಸಾಕ್ಷ್ಯವು ಅವಕಾಶ ಕೊಡುವುದು. ಇಬ್ಬರ ಹಿಂದೆಯೂ ನಿಂತು, ಪ್ಲಾಸ್ಟಿಕ್ಕಿನ ಬೆರಳುಗಳಿಂದ ಒಂದೇ ಸಮನೆ ನುಡಿಸಿದ ಅಯೋಮಿಯ ವಿಷಯದಲ್ಲಿ ಮಾತ್ರ ಎರಡು ಪಕ್ಷಗಳಿಗೂ ಭಿನ್ನಾಭಿಪ್ರಾಯವಿಲ್ಲ.