ಗಾದಿ ಏರುವ ಮುನ್ನ ಮಗ್ಗಿ

ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಸಿದ್ಧರಾಗುವವರಲ್ಲಿ ಹಲವರನ್ನು ಕಾಡುವುದು ಪ್ರೌಢಶಾಲೆಯಲ್ಲಿ ಕಲಿತು ಮರೆತ ಲೆಕ್ಕ. ಶೇಕಡಾವಾರು, ಅನುಪಾತ, ಸರಾಸರಿ, ಬಡ್ಡಿ, ಪಾಲುಗಾರಿಕೆ ಇವೆಲ್ಲವನ್ನೂ ಮತ್ತೆ ತಿದ್ದಿಕೊಂಡೇ ವ್ಯವಹಾರ ಶಾಸ್ತ್ರದ ಮೆಟ್ಟಿಲು ಹತ್ತಬೇಕು. ವ್ಯಾಪಾರಕ್ಕೆ ಇಳಿಯುವ ಮುನ್ನ ಲೆಕ್ಕ ಗಟ್ಟಿ ಮಾಡಿಕೊಳ್ಳುವ ಈ ಪದ್ಧತಿ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೆ ಹೊಸದೇನಲ್ಲ.

ಯಾದಗಿರಿಯ ಉತ್ತರಕ್ಕೆ, ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ. ತ್ರೈರಾಶಿಕ, ಭಿನ್ನರಾಶಿ, ಬಡ್ಡಿ, ಬಂಡವಾಳಕ್ಕೆ ತಕ್ಕಂತೆ ಲಾಭದ ಹಂಚಿಕೆ, ಬೇರೆ ಬೇರೆ ಬಣ್ಣದ ಚಿನ್ನ ಬೆರೆಸಿದಾಗಿನ ಲೆಕ್ಕ ಎಲ್ಲಕ್ಕೂ ಅದರಲ್ಲಿ ಸ್ಥಾನವಿದೆ. ಬಡ್ಡಿಯನ್ನು ಆತ ಗಣಿಸುವುದು ತಿಂಗಳಿಗೆ ನೂರಕ್ಕೆ ಇಷ್ಟು ಎಂದು. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದು ಇಂಥ ವಿದ್ಯೆಯನ್ನು ಕನ್ನಡಕ್ಕೆ ತಂದ.

ಪೇಟೆಯ ಹುಡುಗರು ಈ ಗ್ರಂಥಗಳನ್ನು ಓದಿ ಅಂಗಡಿಗೆ ಬಂದವರಲ್ಲ. ಅವರ ಪಾಠ ನಡೆಯುತ್ತಿದ್ದುದು ಐಗಳ ಮಠದಲ್ಲಿ. ಮರಳಿನ ಮೇಲೆ ಅಂಕಿ ತಿದ್ದಿ, ಮಗ್ಗಿಯನ್ನು ರಾಗವಾಗಿ ಒಪ್ಪಿಸಬೇಕಿತ್ತು. ಎರಡು, ಮೂರರ ಮಗ್ಗಿ ಮುಗಿದರೆ ಸಾಲದು. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆಯ ಮಗ್ಗಿಗಳೂ ಬಾಯಿಗೆ ಬರಬೇಕು. ಆಮೇಲಷ್ಟೇ ಅಡತಿ ಅಂಗಡಿಯಲ್ಲಿ ದಿವಾನಜಿಯ ಪಕ್ಕ ಕೂತು ಕಿರ್ದಿ, ಖಾತೆ ಬರೆಯುವ ಕೆಲಸ.

ಇಂದು ಗೋಜಲೆನಿಸುವ ಈ ಮಗ್ಗಿಗಳ ಹಿಂದೆ ಸ್ಪಷ್ಟ ಕಾರಣವಿತ್ತು. ರೂಪಾಯಿಗೆ 16 ಆಣೆ, ಸೇರಿಗೆ 16 ಚಟಾಕು. ಆದ್ದರಿಂದ ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ. ಮಣಕ್ಕೆ 40 ಸೇರು. 40ನ್ನು 16ರಿಂದ ಭಾಗಿಸಿದರೆ ಎರಡೂವರೆ. ಹಾಗಾಗಿ ಮಣಕ್ಕೆ 15 ರೂಪಾಯಿ ದರವಿದ್ದರೆ ಎರಡೂವರೆ ಸೇರಿಗೆ 15 ಆಣೆ, ಐದು ಸೇರಿಗೆ ಒಂದು ರೂಪಾಯಿ 14 ಆಣೆ. ಕಾಗದವಿಲ್ಲದೆ, ತಕ್ಕಡಿ ಇಳಿಸುವಷ್ಟರಲ್ಲಿ ಲೆಕ್ಕ ಮುಗಿಯುತ್ತಿತ್ತು.

ಗಡಿಯ ಸೀಮೆಗೆ ಇನ್ನೊಂದು ತೊಡಕಿತ್ತು. ನಾಯಕರ ಸುರಪುರ ಸಂಸ್ಥಾನ 1858ರಲ್ಲಿ ಬ್ರಿಟಿಷರ ಕೈಸೇರಿ, 1860ರಲ್ಲಿ ನಿಜಾಮನ ಪಾಲಾಯಿತು. ಇಲ್ಲಿ ನಿಜಾಮನ ಹಾಲಿ ಸಿಕ್ಕಾ ನಡೆದರೆ, ಪಶ್ಚಿಮಕ್ಕೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ತಾಳಿಕೋಟೆಯಲ್ಲಿ ಬ್ರಿಟಿಷರ ಕಲದಾರ ರೂಪಾಯಿ. 1871ರಲ್ಲಿ ಮುಂಬಯಿ ಕಡೆಯ ರೈಲು ಯಾದಗಿರಿಯ ಮೇಲೆ ಹಾಯ್ದು ರಾಯಚೂರು ಮುಟ್ಟಿತು. ದೂರದ ಪೇಟೆಗಳೂ ಹತ್ತಿರವಾದವು. 20ನೇ ಶತಮಾನದ ಮೊದಲರ್ಧದಲ್ಲಿ 100 ಕಲದಾರಕ್ಕೆ ಹಾಲಿಯಲ್ಲಿ 116 ರೂಪಾಯಿ 10 ಆಣೆ 8 ಪೈ ದರವಿತ್ತು. ನೋಡಲು ಜಟಿಲವಾದರೂ ಅದು ಆರಕ್ಕೆ ಏಳು ಎಂಬ ಸರಳ ಅನುಪಾತ. 60 ಕಲದಾರ ಕೊಡಬೇಕಾದವನು 70 ಹಾಲಿ ಎಣಿಸಬೇಕಿತ್ತು. ಇದು ತಿಳಿಯದವನು ಪ್ರತಿ ವಹಿವಾಟಿನಲ್ಲೂ ಕಳೆದುಕೊಳ್ಳುತ್ತಿದ್ದ.

ಲೆಕ್ಕದ ಈ ಬಲ ಎಲ್ಲರಿಗೂ ದಕ್ಕಿರಲಿಲ್ಲ. ಮಠದ ಬಾಗಿಲು ಹೆಣ್ಣುಮಕ್ಕಳಿಗೆ, ಕೆಳಜಾತಿಗಳವರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಖಾತೆಯಲ್ಲಿ ಏನು ಬರೆದಿದೆ ಎಂದು ಓದಲಾಗದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ‘ನೂರಕ್ಕೆ ಮೂರು’ ಎಂಬುದು ಕಿವಿಗೆ ಹಗುರ. ಆದರೆ ಅದು ತಿಂಗಳ ದರ, ವರ್ಷಕ್ಕೆ 36. ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದರೆ ಸಾಲ ಎರಡು ವರ್ಷದಲ್ಲಿ ದುಪ್ಪಟ್ಟಾಗುತ್ತದೆ.

1956ರ ನವೆಂಬರ್ 1ರಂದು ಈ ಭಾಗ ವಿಶಾಲ ಮೈಸೂರು ರಾಜ್ಯ ಸೇರಿತು. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆ ಬಂತು. 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಬಂದು ಸೇರು, ಮಣಗಳನ್ನು ಸರಿಸಿತು. ಎಲ್ಲವೂ ಹತ್ತು, ನೂರರ ಲೆಕ್ಕವಾದ ಮೇಲೆ ಎರಡೂವರೆಯ ಮಗ್ಗಿಗೆ ಕೆಲಸ ಉಳಿಯಲಿಲ್ಲ. ಲೆಕ್ಕ ಸುಲಭವಾಯಿತು, ಶಾಲೆಯ ಬಾಗಿಲೂ ಅಗಲವಾಯಿತು. ಜೊತೆಗೆ ಬಾಯಿಲೆಕ್ಕದ ರೂಢಿ ತಪ್ಪಿತು. ಮುಂದೆ ಕ್ಯಾಲ್ಕ್ಯುಲೇಟರ್ ಅದನ್ನು ಪೂರ್ತಿ ಮರೆಸಿತು.

2009ರ ಡಿಸೆಂಬರ್‌ನಲ್ಲಿ ಜಿಲ್ಲೆಯಾದ ಯಾದಗಿರಿಯಿಂದ ಇಂದು ಎಂ.ಬಿ.ಎ. ಕನಸು ಹೊತ್ತು ಹೊರಡುವವರಲ್ಲಿ ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳೂ ಇದ್ದಾರೆ. ಅವರು ತಿದ್ದಿಕೊಳ್ಳಬೇಕಾದ ಪಾಠಗಳಲ್ಲಿ ಹೆಚ್ಚಿನವು ಮಹಾವೀರಾಚಾರ್ಯ ಹೇಳಿದವೇ. ಅಜ್ಜನಿಗೆ ದಕ್ಕದ ಆ ಲೆಕ್ಕಕ್ಕಾಗಿ ದಿನಕ್ಕೊಂದು ತಾಸು ತೆಗೆದಿಟ್ಟರೆ ಪರೀಕ್ಷೆಗಷ್ಟೇ ಅಲ್ಲ, ಊರಿಗೂ ಉಪಯೋಗವುಂಟು. ‘ನೂರಕ್ಕೆ ಮೂರು’ ಎಂಬ ಮಾತು ಹಳ್ಳಿಗಳಲ್ಲಿ ಈಗಲೂ ಕೇಳಿಬರುತ್ತದೆ. ಕೇಳಿದೊಡನೆ ‘ವರ್ಷಕ್ಕೆ 36’ ಎನ್ನಬಲ್ಲವರು ಮನೆಗೊಬ್ಬರಾದರೂ ಬೇಕು.