ಒಂದು ಸೆಂಟಿಮೀಟರ್ ಜೇಡಿಮಣ್ಣು

ಇಟಲಿಯ ಗುಬ್ಬಿಯೊ ಊರಿನ ಹತ್ತಿರ ಒಂದು ಕಣಿವೆ ಇದೆ. ಅಲ್ಲಿನ ಸುಣ್ಣಕಲ್ಲು ಒಂದು ಕಾಲಕ್ಕೆ ಕಡಲ ತಳದ ಕೆಸರು. ಅದರ ಪದರಗಳ ನಡುವೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಜೇಡಿಮಣ್ಣಿನ ಗೆರೆ. ಗೆರೆಯ ಕೆಳಗಿನ ಕಲ್ಲಲ್ಲಿ ಡೈನೋಸಾರ್ ಕಾಲದ ಸೂಕ್ಷ್ಮಜೀವಿಗಳ ಚಿಪ್ಪುಗಳು ತುಂಬಿವೆ. ಮೇಲೆ ಅವು ಹೆಚ್ಚುಕಡಿಮೆ ಮಾಯ. ಈ ಒಂದು ಸೆಂಟಿಮೀಟರ್ ಕೂಡಿಕೊಳ್ಳೋಕೆ ಎಷ್ಟು ಕಾಲ ಹಿಡೀತು? 1970ರ ದಶಕದ ಕೊನೆಯಲ್ಲಿ ಭೂವಿಜ್ಞಾನಿ ವಾಲ್ಟರ್ ಅಲ್ವಾರೆಜ್ ಕೇಳಿದ್ದು ಇಷ್ಟೇ.

ದಾರಿ ತೋರಿಸಿದ್ದು ಅವರ ಅಪ್ಪ, 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಲೂಯಿಸ್. ಇರಿಡಿಯಂ ಕಬ್ಬಿಣದ ಜೊತೆ ಸೇರುವ ಲೋಹ. ಭೂಮಿ ಕರಗಿದ್ದಾಗ ಕಬ್ಬಿಣದ ಜೊತೆಗೇ ಒಡಲಿಗೆ ಇಳಿದುಹೋಯಿತು. ಮೇಲ್ಪದರದಲ್ಲಿ ಉಳಿದದ್ದು ತೀರಾ ಅಲ್ಪ. ಆದರೆ ಉಲ್ಕೆಗಳ ಧೂಳು ಅದನ್ನು ಸ್ವಲ್ಪಸ್ವಲ್ಪವೇ ಉದುರಿಸುತ್ತಿರುತ್ತದೆ. ಹೆಚ್ಚು ಇರಿಡಿಯಂ ಅಂದರೆ ಹೆಚ್ಚು ಕಾಲ, ಅಷ್ಟೇ ಲೆಕ್ಕ.

ಬರ್ಕ್ಲಿಯಲ್ಲಿ ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮೈಕೆಲ್ ಆ ಮಣ್ಣನ್ನು ರಿಯಾಕ್ಟರಿನ ನ್ಯೂಟ್ರಾನ್‌ಗಳಿಗೆ ಒಡ್ಡಿ, ಆಮೇಲೆ ಹೊರಬಂದ ಗಾಮಾ ಕಿರಣಗಳನ್ನು ಅಳೆದರು. ನೂರು ಕೋಟಿಯಲ್ಲಿ ಒಂದು ಪಾಲಿದ್ದರೂ ಹಿಡಿಯುವ ವಿಧಾನ. ಸಿಕ್ಕಿದ್ದು ಸುತ್ತಲಿನ ಕಲ್ಲಿಗಿಂತ ಸುಮಾರು 30 ಪಟ್ಟು. ಬರೀ ಧೂಳಿನಿಂದ ಇಷ್ಟು ಬರೋಕೆ ಸಾಧ್ಯವೇ ಇರಲಿಲ್ಲ.

ಹತ್ತಿರದ ನಕ್ಷತ್ರವೊಂದು ಸಿಡಿದಿತ್ತೇ? ಹಾಗಿದ್ರೆ ಪ್ಲುಟೋನಿಯಂ-244 ಕೂಡ ಇರಬೇಕು. ಹುಡುಕಿದರು, ಸಿಕ್ಕಿಯೇಬಿಟ್ಟಿತು! ಆದರೆ ಅಲ್ಲಿಗೇ ನಿಲ್ಲಲಿಲ್ಲ. ಇನ್ನೊಂದು ಮಾದರಿ ತಗೊಂಡು ಮೊದಲಿಂದ ಪರೀಕ್ಷಿಸಿದರು. ಈ ಸಲ ಇಲ್ಲ. ಮೊದಲು ಕಂಡದ್ದು ಹೊರಗಿನಿಂದ ಸೇರಿಕೊಂಡಿದ್ದು. ನಕ್ಷತ್ರದ ಕತೆಯನ್ನು ಅವರೇ ಕೈಬಿಟ್ಟರು. ಟೆಸ್ಟ್ ಒಂದು ಸಲ ಪಾಸಾದರೆ ಸಾಕು, ರಿಲೀಸ್ ಮಾಡಿ ಅನ್ನೋ ಒತ್ತಡದಲ್ಲೇ ದುಡಿಯೋ ನನಗೆ ಈ ಇಡೀ ಇತಿಹಾಸದಲ್ಲಿ ದೊಡ್ಡದಾಗಿ ಕಾಣೋದು ಈ ಎರಡನೇ ಪರೀಕ್ಷೆ.

1980ರ ಅವರ ಪ್ರಬಂಧದಲ್ಲಿ ಡೆನ್ಮಾರ್ಕಿನ ಮಣ್ಣಿನಲ್ಲಿ 160 ಪಟ್ಟು, ನ್ಯೂಜಿಲೆಂಡಿನಲ್ಲಿ 20 ಪಟ್ಟು ಇರಿಡಿಯಂ ಇತ್ತು. ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ ಅಪ್ಪಳಿಸಿದೆ ಅಂದರು. ಹಾಗಾದ್ರೆ ಗುಂಡಿ ಎಲ್ಲಿ ಅಂತ ಕೇಳಿದವರು ಬಹಳ. ಕೆಲವರು ಬೊಟ್ಟು ಮಾಡಿದ್ದು ನಮ್ಮ ಕಡೆಗೇ: ಅದೇ ಕಾಲಕ್ಕೆ ಲಾವಾ ಉಕ್ಕಿಸಿದ ದಖನ್ನಿನ ಜ್ವಾಲಾಮುಖಿಗಳ ಕಡೆಗೆ. 1991ರಲ್ಲಿ ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಹೂತಿದ್ದ, ಸುಮಾರು 180 ಕಿ.ಮೀ. ಅಗಲದ ಗುಂಡಿಯೇ ಆ ಹೊಡೆತದ ಜಾಗ ಎಂಬ ಪ್ರಬಂಧ ಬಂತು.

ಆದರೂ 6.6 ಕೋಟಿ ವರ್ಷಗಳ ಹಿಂದಿನ ಆ ಸಾವುಗಳಲ್ಲಿ ದಖನ್ ಲಾವಾದ ಪಾಲೆಷ್ಟು ಅನ್ನೋ ವಾದ ನಿಂತಿಲ್ಲ. ವಿಜಯಪುರ, ಬೀದರ್ ಕಡೆ ಜೋಳ ಬೆಳೆಯೋ ಎರೆಹೊಲದ ಅಡಿಯ ಕರಿಗಲ್ಲು ಇನ್ನೂ ಆರೋಪಿಗಳ ಪಟ್ಟಿಯಲ್ಲೇ ಇದೆ.